ಚಿಕ್ಕಮ್ಮ ಬರೆದ ಅಜ್ಜಿಯ ಪುಸ್ತಕ

ನನ್ನ ಚಿಕ್ಕಮ್ಮನಿಗೆ ಇಡೀ ಮೈಸೂರಿನಲ್ಲಿ ಯಾರ ಮೇಲೂ ದ್ವೇಷವಿಲ್ಲ, ಮಕ್ಕಳ ಪುಸ್ತಕಗಳಲ್ಲಿ ಸುಮ್ಮಸುಮ್ಮನೆ ನಗುವ ಪ್ರಾಣಿಗಳನ್ನು ಬಿಟ್ಟು! ಮೊಲ ನಕ್ಕರೆ ಹೇಗೋ ಸಹಿಸಿಕೊಂಡಾರು. ಆದರೆ ತಾಯಿಯನ್ನು ಕಳೆದುಕೊಂಡ ಆನೆಮರಿಗೆ ತುಂಬಾ ದುಃಖವಾಯಿತು ಎಂದು ಕೆಳಗೆ ಅಚ್ಚಾಗಿ, ಮೇಲೆ ಚಿತ್ರದಲ್ಲಿ ಆ ಮರಿ ಹಲ್ಲು ಕಿರಿಯುತ್ತಿದ್ದರೆ? ಒಮ್ಮೆ ಅಂಗಡಿಯಲ್ಲಿ ಅಂಥದೊಂದು ಪುಸ್ತಕ ಎತ್ತಿ ಹಿಡಿದು, ಮಗು ಇದರಲ್ಲಿ ಯಾವುದನ್ನು ನಂಬಬೇಕು ಎಂದು ಅಂಗಡಿಯವನನ್ನೇ ಕೇಳಿದರು. ಅವನು ಪಾಪ, ಡಿಸ್ಕೌಂಟ್ ಕೊಡುತ್ತೇನೆ ಎಂದ.

ಚಿಕ್ಕಮ್ಮ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ತಪ್ಪು ಕಂಡರೆ ಸುಮ್ಮನಿರಲು ಬರುವುದಿಲ್ಲ.

ಹೋದ ವರ್ಷ ನನ್ನ ಅಮ್ಮ, ಅಂದರೆ ಚಿಕ್ಕಮ್ಮನ ಒಬ್ಬಳೇ ಅಕ್ಕ, ತೀರಿಕೊಂಡಳು. ಐದು ವರ್ಷದ ನನ್ನ ಮಗಳಿಗೆ ಅಜ್ಜಿ ಊರಿಗೆ ಹೋಗಿದ್ದಾಳೆ ಎಂದುಬಿಟ್ಟೆವು. ಅವಳು ರಾಮಕೃಷ್ಣನಗರದ ನಮ್ಮ ಮನೆಯ ಗೇಟು ಹಿಡಿದು ನಿಂತು, ಬರುವ ಆಟೋಗಳಲ್ಲೆಲ್ಲ ಇಣುಕತೊಡಗಿದಳು. ಅದನ್ನು ಕಂಡ ಚಿಕ್ಕಮ್ಮ, ಮಗುವಿಗೆ ನಿಜ ಹೇಳುವ ಪುಸ್ತಕ ಬೇಕು, ಯಾರೂ ಮಾಡದಿದ್ದರೆ ನಾನೇ ಮಾಡುತ್ತೇನೆ ಎಂದು ಕೂತೇಬಿಟ್ಟರು.

ಲೆಕ್ಕದ ಮೇಡಂ ಚಿತ್ರ ಬರೆದರೆ ಇನ್ನೇನಾಗುತ್ತದೆ? ಕೈವಾರ ಬಂತು, ಸ್ಕೇಲು ಬಂತು. ಅಮ್ಮನ ಮುಖ ಅಚ್ಚುಕಟ್ಟಾದ ವೃತ್ತ, ಮೂಗು ಸಮಬಾಹು ತ್ರಿಭುಜ. ಕನ್ನಡಕ ಹಾಕಿದ ಕುಕ್ಕರ್ ಇದ್ದ ಹಾಗಿದೆ ಎಂದು ನನ್ನ ಹೆಂಡತಿ ಮೆಲ್ಲಗೆ ಹೇಳಿದಳು. ಚಿಕ್ಕಮ್ಮನಿಗೆ ಅದು ಕೇಳಿಸಿತು. ಅವರು ಕುಕ್ಕರಿಗೆ ಒಂದು ತುರುಬು ಸೇರಿಸಿ ಮುಂದುವರಿದರು.

ಮಾತಿನ ಪಾಡೂ ಅಷ್ಟೇ. 'ತೀರಿಕೊಂಡಳು' ಎಂದರೆ ಏನು ತೀರಿತು ಎಂದು ಮಗು ಕೇಳುತ್ತದೆ, 'ಹೋದಳು' ಎಂದರೆ ಯಾವಾಗ ಬರುತ್ತಾಳೆ ಎನ್ನುತ್ತದೆ. ಅಜ್ಜಿ ನಕ್ಷತ್ರವಾದಳು ಎಂದು ಬರೆದರಾಯಿತಲ್ಲ ಎಂದೆ.

"ನಕ್ಷತ್ರ ಅಂದ್ಬುಟ್ರೆ ಮಗು ಗೇಟು ಬಿಟ್ಟು ಟೆರೇಸ್ ಮೇಲೆ ಕಾಯ್ತದೆ, ಅಷ್ಟೇ ಕಣೋ."

ಕೊನೆಗೆ ಬರೆದದ್ದು ಇಷ್ಟು: ಅಜ್ಜಿ ಸತ್ತುಹೋದಳು. ಮತ್ತೆ ಬರುವುದಿಲ್ಲ. ಮಾತು ಇಷ್ಟು ಗಟ್ಟಿಯಾದ ಮೇಲೆ ಚಿತ್ರ ಮೆತ್ತಗಿರಬೇಕಂತೆ. ಆ ಪುಟದಲ್ಲಿ ಅಳುವ ಮುಖವಿರಲಿಲ್ಲ. ಅಮ್ಮ ಕೂರುತ್ತಿದ್ದ ಕುರ್ಚಿ, ಅದರ ಮೇಲೆ ಒಂದಿಷ್ಟು ಬಿಸಿಲು.

ಒಂದು ಭಾನುವಾರ ಚಿಕ್ಕಮ್ಮ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದರು. ಮೊದಲ ಪುಟದಲ್ಲಿ ದೋಸೆ ಹುಯ್ಯುತ್ತಿದ್ದ ವೃತ್ತವನ್ನು ನೋಡಿದ್ದೇ ತಡ, ಮಗಳು ಅಜ್ಜಿ ಎಂದಳು. ನನ್ನ ಹೆಂಡತಿ ಬೇರೆ ಕಡೆ ನೋಡಿದಳು. ಕುರ್ಚಿಯ ಪುಟ ಬಂದಾಗ ಮಗಳು ಬಿಸಿಲಿನ ಮೇಲೆ ಬೆರಳಾಡಿಸಿ, ಆಟೋದಲ್ಲೂ ಬರಲ್ಲವಾ ಎಂದು ಕೇಳಿದಳು. ಚಿಕ್ಕಮ್ಮ ಇಲ್ಲ ಎಂದರು. ಅವಳು ಅತ್ತಳು. ಚಿಕ್ಕಮ್ಮ ಸುಮ್ಮನಿರು ಎನ್ನಲಿಲ್ಲ, ಅಳುವಷ್ಟೂ ಅಳಲು ಬಿಟ್ಟರು.

ಕೊನೆಯ ಪುಟದಲ್ಲಿ ಆ ಖಾಲಿ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ, ಅದರಲ್ಲಿ ಇನ್ನೊಂದು ದುಂಡು ಮುಖ. ಕೆಳಗೆ ಒಂದಕ್ಷರವೂ ಇಲ್ಲ. ಇದು ಯಾರು ಎಂದು ಮಗಳು ಕೇಳಿದಳು. ನಾನೇ ಎಂದರು.

"ಇಲ್ಲೇನೂ ಬರ್ದೇ ಇಲ್ವಲ್ಲ, ಚಿಕ್ಕಜ್ಜಿ?"

"ನನ್ನಕ್ಕ..." ಎಂದರು ಚಿಕ್ಕಮ್ಮ. ಅಮ್ಮ ಹೋದ ದಿನ ಬಂದವರಿಗೆಲ್ಲ ಕುರ್ಚಿ ಹಾಕಿಸುತ್ತ, ನೀರು ಕೊಡುತ್ತ ಓಡಾಡಿದವರು, ಒಂದು ಹನಿ ಕಣ್ಣೀರು ಹಾಕದವರು, ಈಗ ಕನ್ನಡಕ ತೆಗೆದು ಸೆರಗಿಗೆ ಮುಖ ಒತ್ತಿಕೊಂಡರು.

ಮಗಳು ಪುಸ್ತಕವನ್ನು ಹಿಂದಕ್ಕೆ ತಿರುವಿ, ಮೊದಲ ಪುಟ ತೆರೆದು ಅವರ ಮಡಿಲಲ್ಲಿಟ್ಟಳು.

"ಇಲ್ಲಿಂದ ಓದು, ಚಿಕ್ಕಜ್ಜಿ. ಇಲ್ಲಿ ಅಜ್ಜಿ ಇದ್ದಾಳೆ."