ಮೂರನೇ ಕೋವಿಯೂ ಗುಲಾಬಿಯಕ್ಕನ ಡಬ್ಬವೂ

ಒಂದು ವಸ್ತುವನ್ನು ನೋಡಿ, ಮುಟ್ಟಿ, ಆರಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ವೇಣೂರಿನಿಂದ ವಾಮದಪದವಿನವರೆಗೆ ಯಾರೂ ಇಲ್ಲ ಎಂದು ನಾನು ಎಪ್ಪತ್ತೊಂದು ವರ್ಷ ನಂಬಿಕೊಂಡಿದ್ದೆ. ಬೆಂಡೆಕಾಯಿಯಾದರೆ ತುದಿ ಮುರಿದು ನೋಡುತ್ತೇನೆ. ಮಡಕೆಯಾದರೆ ಬೆರಳಿನಿಂದ ಬಡಿದು ಕಿವಿಗೊಡುತ್ತೇನೆ. ಕೊಡೆಯಾದರೆ ಅಂಗಡಿಯ ಒಳಗೇ ನಾಲ್ಕು ಸಲ ಬಿಡಿಸಿ ಮಡಚುತ್ತೇನೆ. ಹೀಗಿರುವಾಗ ಒಂದು ಕೋವಿಯನ್ನು ಆರಿಸುವುದು ಎಷ್ಟರ ಕೆಲಸ?

ಎಷ್ಟರ ಕೆಲಸ ಎಂಬುದು ಈಗ ನನಗೆ ಗೊತ್ತು. ನನ್ನ ಹೆಂಡತಿ ಸುಮತಿಗೂ ಗೊತ್ತು. ಪಕ್ಕದ ಗದ್ದೆಯ ಗುಲಾಬಿಯಕ್ಕನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಇವರಿಬ್ಬರಿಗೂ ಮೂಡುಬಿದಿರೆಯ ಒಬ್ಬ ಅಂಗಡಿಯವರಿಗೂ ನಾನು ಮಾಡಿದ ಅನ್ಯಾಯವನ್ನು ಒಪ್ಪಿಕೊಳ್ಳುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ಓದಿದವರು ನಗಬಹುದು. ಅವರು ಮೂವರೂ ಆಗಲೇ ನಕ್ಕಾಗಿದೆ.

ನಮ್ಮಲ್ಲಿ ಬೆಳೆ ರಕ್ಷಣೆಗೆಂದು ಅಪ್ಪನ ಕಾಲದ ಒಂದು ಕೇಪಿನ ಕೋವಿ ಇತ್ತು. ಕೊಲ್ಲುವುದಕ್ಕಲ್ಲ, ಆಕಾಶಕ್ಕೆ ಒಂದು ಸದ್ದು ಬಿಟ್ಟು ಮಂಗಗಳನ್ನು ಓಡಿಸುವುದಕ್ಕೆ. ಅದಕ್ಕೆ ಬಾಯಿಯಿಂದ ಮದ್ದು ತುಂಬಬೇಕು, ನಾರು ತುರುಕಬೇಕು, ಗಜವೆಂಬ ಉದ್ದ ಸರಳಿನಿಂದ ಜಡಿಯಬೇಕು, ಆಮೇಲೆ ಕೇಪು ಇಡಬೇಕು. ಈ ವಿಧಾನ ನಮ್ಮ ಮಂಗಗಳಿಗೆ ಬಾಯಿಪಾಠವಾಗಿತ್ತು. ಮದ್ದು ತುಂಬುವಾಗ ತಿನ್ನಲು ಕುಳಿತುಕೊಳ್ಳುತ್ತಿದ್ದವು. ಗಜ ಹೊರಗೆ ತೆಗೆದಾಗ ಕೊನೆಯ ತುತ್ತು ಬಾಯಿಗಿಡುತ್ತಿದ್ದವು. ಕೇಪು ಇಡುವಾಗ ಎದ್ದು ಹೋಗುತ್ತಿದ್ದವು. ಢಂ ಎನ್ನುವಾಗ ಗದ್ದೆಯಲ್ಲಿ ಇರುತ್ತಿದ್ದವನು ನಾನೊಬ್ಬನೇ!

ಈ ಅವಮಾನಕ್ಕೆ ಪರಿಹಾರ ಹೇಳಿದವನು ಸುಮತಿಯ ತಮ್ಮ, ವಾಮದಪದವಿನ ಸಂಜೀವ. ಅವನು ಮಿಲಿಟ್ರಿಯಲ್ಲಿ ಹದಿನೇಳು ವರ್ಷ ಇದ್ದವನು. ಅಡುಗೆ ವಿಭಾಗದಲ್ಲಿ. ಆದರೂ ಕೋವಿಗಳ ಹತ್ತಿರದಲ್ಲೇ ಚಪಾತಿ ಲಟ್ಟಿಸಿದವನು.

"ಭಾವ, ನೀವು ಪಂಪ್ ಆ್ಯಕ್ಷನ್ ಕೋವಿ ತಕೊಳ್ಳಿ. ಕೆಳಗೆ ಒಂದು ಹಿಡಿ ಉಂಟು. ಹಿಂದೆ ಎಳೆದ್ರೆ ಖಾಲಿ ತೋಟೆ ಹೊರಗೆ, ಮುಂದೆ ದೂಡಿದ್ರೆ ಹೊಸ ತೋಟೆ ಒಳಗೆ. ಶಕ್ ಶಕ್! ಮಂಗ ತಿರುಗಿ ನೋಡುವಾಗ ಎರಡನೇ ಸದ್ದು. ಆದ್ರೆ ಒಂದು ವಿಷಯ, ಆ್ಯಕ್ಷನ್ ಸ್ಮೂತ್ ಇರ್ಬೇಕು, ಫಾಸ್ಟ್ ಇರ್ಬೇಕು."

"ಅದು ಗೊತ್ತಾಗುವುದು ಹೇಗೆ?"

"ಅದು ಕೈಗೆ ಗೊತ್ತಾಗ್ತದೆ ಭಾವ," ಎಂದು ಹೇಳಿ ಅವನು ಬಸ್ಸು ಹತ್ತಿದ.

ಕೈಗೆ ಗೊತ್ತಾಗಬೇಕಾದರೆ ಕೈಗೆ ಮೊದಲು ಶಿಕ್ಷಣ ಕೊಡಬೇಕಲ್ಲವೇ? ಹೊಸ ಕೋವಿಯ ಕಾಗದಪತ್ರಕ್ಕೆಂದು ಬೆಳ್ತಂಗಡಿಗೆ ಅಲೆಯುತ್ತಿದ್ದ ಆ ತಿಂಗಳುಗಳಲ್ಲಿ ನಾನು ಮನೆಯಲ್ಲಿ ಅಭ್ಯಾಸ ಮಾಡಿದೆ. ಮೇಜಿನ ಡ್ರಾಯರನ್ನು ಎಳೆದೆ, ದೂಡಿದೆ. ಎಳೆದೆ, ದೂಡಿದೆ.

"ಆ ಡ್ರಾಯರ್ ನಿಮಗೆ ಎಂತ ಮಾಡಿತು?" ಎಂದು ಸುಮತಿ ಕೇಳಿದಳು.

"ಕೈಗೆ ಕಲಿಸ್ತಾ ಇದ್ದೇನೆ."

"ಮಂಡೆಗೆ ಕಲಿಸ್ಲಿಕ್ಕೆ ಯಾವ ಡ್ರಾಯರ್?"

ನಾನು ಇನ್ನೂ ಜೋರಾಗಿ ಎಳೆದೆ. ದೂಡಿದೆ.

ಅಂತೂ ಅನುಮತಿ ಬಂತು. ಎಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ವಾರವೇ ಮೂಡುಬಿದಿರೆಯ ಕೋವಿ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕ ಹಾಕಿದ, ಬಹಳ ತಾಳ್ಮೆಯ ಮನುಷ್ಯ. ಎಷ್ಟು ತಾಳ್ಮೆ ಎಂಬುದು ಆಗ ಅವರಿಗೂ ಗೊತ್ತಿರಲಿಲ್ಲ. ಮೂರು ಪಂಪ್ ಆ್ಯಕ್ಷನ್ ಕೋವಿಗಳನ್ನು ಖಾಲಿ ಇವೆಯೆಂದು ತೋರಿಸಿ ಮೇಜಿನ ಮೇಲಿಟ್ಟರು.

ಮೊದಲನೆಯದನ್ನು ಎಳೆದೆ. ನಮ್ಮ ಅಂಗಳದ ತುಕ್ಕು ಹಿಡಿದ ಗೇಟು ನೆನಪಾಯಿತು. ಎರಡನೆಯದು ಸಲೀಸಾಗಿ ಓಡಿತು, ಆದರೆ ಲಟಲಟ ಅಲುಗಾಡಿತು. ಮೂರನೆಯದು ಹಲಸಿನ ಬೀಜ ಕೈಯಿಂದ ಜಾರುವ ಹಾಗೆ ಜಾರಿತು. ಶಕ್ ಶಕ್! ಇದೇ ಎಂದುಕೊಂಡು ಖಾತ್ರಿಗೆ ಮತ್ತೆ ಮೊದಲನೆಯದನ್ನು ಎಳೆದರೆ ಅದೂ ಈಗ ಪರವಾಗಿಲ್ಲ ಎನಿಸಿತು. ಎರಡನೆಯದರ ಅಲುಗಾಟ ಮಾಯವಾಗಿತ್ತು. ಮೂರನೆಯದು ಸ್ವಲ್ಪ ಗಟ್ಟಿ ಎನಿಸಿತು. ನನಗೆ ಗೊಂದಲವಾಯಿತು. ಒಂದೂವರೆ ಗಂಟೆ ಎಳೆದೆ. ಬೇರೆ ಗಿರಾಕಿಗಳು ನನ್ನ ಹಿಂದೆ ಬಂದು ನಿಂತರು. ಅಲ್ಲಿಯೇ ಕ್ಷೇಮ ಎಂದು ಅವರ ಅಂದಾಜು.

"ಅಜ್ಜ, ಕೋವಿಗಳು ಬದಲಾಗಲಿಲ್ಲ. ನಿಮ್ಮ ಕೈ ದಣಿದದ್ದು," ಎಂದರು ಅಂಗಡಿಯವರು. "ಮೂರನೆಯದ್ದೇ ತಕೊಳ್ಳಿ. ಇದರ ಒಳಗೆ ಎರಡು ಕಡೆ ಕಂಬಿ ಉಂಟು, ಓರೆಯಾಗಿ ಸಿಕ್ಕಿಬೀಳುವುದಿಲ್ಲ. ಒಂದೇ ನೆನಪಿಡಿ, ಅರ್ಧ ಎಳೆದು ನಿಲ್ಲಿಸಬೇಡಿ. ಪೂರ್ತಿ ಹಿಂದೆ, ಪೂರ್ತಿ ಮುಂದೆ. ಇಗೊಳ್ಳಿ ಎಣ್ಣೆ. ಎರಡು ಹನಿ ಸಾಕು. ಇದನ್ನು ಬಿಟ್ಟು ಬೇರೆ ಎಂತದೂ ಹಾಕಬೇಡಿ."

ಅವರು ಕೊಟ್ಟ ಬಾಟ್ಲಿ ನನ್ನ ಹೆಬ್ಬೆರಳಿನಷ್ಟಿತ್ತು. ಒಳಗಿನದ್ದು ನೀರಿನಂತೆ ತೆಳ್ಳಗೆ. ಇಷ್ಟು ದೊಡ್ಡ ಕೋವಿಗೆ ಎರಡು ಹನಿ! ನಗು ಬಂತು. ನಮ್ಮದೇ ತೆಂಗು, ನಮ್ಮದೇ ಕೊಬ್ಬರಿ, ಗಾಣದಲ್ಲಿ ಆಡಿಸಿ ತಂದ ಘಮಘಮ ಎಣ್ಣೆ ಮನೆಯಲ್ಲಿರುವಾಗ ಈ ಹನಿ ಯಾರಿಗೆ ಬೇಕು? ಮನೆಗೆ ಬಂದವನೇ ಬಾಟ್ಲಿಯನ್ನು ಸುಮತಿಯ ಹೊಲಿಗೆ ಮೆಷಿನ್ನಿಗೆ ದಾನ ಮಾಡಿದೆ. ಮಟಮಟ ಮಧ್ಯಾಹ್ನ ಅಂಗಳದಲ್ಲಿ ಕುಳಿತು ಕೋವಿಗೆ ಒಳಗೂ ಹೊರಗೂ ಧಾರಾಳವಾಗಿ ತೆಂಗಿನೆಣ್ಣೆ ಹೊಯ್ದೆ. ಆಗ ಓಡಿತು ನೋಡಿ ಆ ಹಿಡಿ! ಬೆಣ್ಣೆಯಲ್ಲಿ ಬೆರಳಾಡಿಸಿದಂತೆ!

ಇನ್ನು ಗುಲಾಬಿಯಕ್ಕನ ವಿಷಯ. ಕೊಯ್ಲಾದ ಗದ್ದೆಯಲ್ಲಿ ಅವರು ಪ್ರತಿ ವರ್ಷ ಸೌತೆ, ಅಲಸಂಡೆ ಹಾಕುತ್ತಾರೆ. ಗಂಡ ಹೋದ ಮೇಲೆ ಅವರಿಗೆ ಆ ಗದ್ದೆಯೇ ಸಂಪಾದನೆ. ವೇಣೂರು ಪೇಟೆಯಲ್ಲಿ ಮಾರಿ, ಉಳಿದ ಸೌತೆಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ನೇತುಹಾಕಿದರೆ ಮಳೆಗಾಲಕ್ಕೂ ಅದೇ ಸಾಂಬಾರು. ಬೆಳಗ್ಗೆ ಮಂಗಗಳು ಬಂದರೆ ಅವರು ಖಾಲಿ ಎಣ್ಣೆ ಡಬ್ಬವನ್ನು ಕೋಲಿನಿಂದ ಬಡಿಯುತ್ತಿದ್ದರು. ಅಷ್ಟೇ ಅವರ ಆಯುಧ.

ಈ ಸಲ ಸೌತೆ ಮಿಡಿ ಬಿಟ್ಟ ಮೇಲೆ ನಾನು ಹೊಸ ಕೋವಿಯನ್ನು ಹೆಗಲಿಗೇರಿಸಿ ಹೋಗಿ ಗಂಭೀರವಾಗಿ ಹೇಳಿದೆ: "ಗುಲಾಬಿಯಕ್ಕ, ಇನ್ನು ಈ ಡಬ್ಬಕ್ಕೆ ನಿವೃತ್ತಿ. ನಿಮ್ಮ ಗದ್ದೆಯ ಜವಾಬ್ದಾರಿ ನನ್ನದು."

"ಬೇಡ ದೇಜಪ್ಪಣ್ಣ, ಡಬ್ಬ ಅದರಷ್ಟಕ್ಕೆ ಇರ್ಲಿ."

"ಡಬ್ಬದ ಸದ್ದು ಕೇಳಿ ಕೇಳಿ ಮಂಗಗಳಿಗೆ ಅಭ್ಯಾಸ ಆಗಿದೆ. ಅವು ಈಗ ತಾಳಕ್ಕೆ ತಿನ್ನುವುದು. ಕೊಡಿ ಇಲ್ಲಿ!"

ಬಲವಂತವಾಗಿ ಡಬ್ಬ ಮನೆಗೆ ತಂದೆ. ಸುಮತಿ ಅದಕ್ಕೆ ಬೈಹುಲ್ಲು ಹಾಕಿ ಕೋಳಿಯನ್ನು ಕಾವಿಗೆ ಕೂರಿಸಿದಳು.

ಧನುರ್ಮಾಸದ ಚಳಿ ಶುರುವಾಗಿತ್ತು. ಒಂದು ಬೆಳಗ್ಗೆ ಮಂಜು ಹರಿಯುವ ಮೊದಲೇ ಗುಲಾಬಿಯಕ್ಕನ ಕೂಗು ಕೇಳಿತು. ಕಪಾಟಿನಿಂದ ಕೋವಿ ತೆಗೆದು, ತೋಟೆ ತುಂಬಿ, ಗದ್ದೆಯ ಅಂಚಿನಲ್ಲಿ ನಿಂತು, ಆಕಾಶಕ್ಕೆ ಎತ್ತಿ ಹಿಡಿದು, ಹಿಡಿಯನ್ನು ಎಳೆದೆ.

ಬರಲಿಲ್ಲ.

ಇನ್ನೊಮ್ಮೆ ಎಳೆದೆ. ಬೆಲ್ಲದ ಪಾಕದಲ್ಲಿ ಸೌಟು ಸಿಕ್ಕಿದ ಹಾಗೆ ಅರ್ಧ ಬಂದು ನಿಂತಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಇಪ್ಪತ್ತು ಮಂಗಗಳು ಸೌತೆ ಹಿಡಿದುಕೊಂಡು ನನ್ನನ್ನೇ ನೋಡಿದವು. ಹಳೆಯ ಕೋವಿಯ ಕಾಲದಲ್ಲಿ ಅವಕ್ಕೆ ಸಮಯದ ಮಿತಿಯಾದರೂ ಇತ್ತು. ಈ ದಿನ ಅದೂ ಇಲ್ಲ. ಪ್ರತಿ ಸೌತೆಗೆ ಒಂದೊಂದು ಕಚ್ಚು, ಬಿಸಾಡು, ಮುಂದಿನದು.

"ದೇಜಪ್ಪಣ್ಣ, ಸದ್ದು ಎಲ್ಲಿ ಮಾರಾಯ್ರೇ?" ಗುಲಾಬಿಯಕ್ಕ ಅಳುವ ಸ್ವರದಲ್ಲಿ ಕೂಗಿದರು.

ನಾನು ಬಾಯಲ್ಲೇ "ಢಂ!" ಎಂದೆ. ಒಂದು ಮರಿಮಂಗ ಮಾತ್ರ ಸ್ವಲ್ಪ ಹೆದರಿತು.

ಹೇಗೋ ತೋಟೆಗಳನ್ನು ಹೊರತೆಗೆದು, ಕೋವಿಯನ್ನು ಕವರಿನಲ್ಲಿ ಹಾಕಿ, ಮೂಡುಬಿದಿರೆಯ ಬಸ್ಸು ಹತ್ತಿದೆ. ಕಂಡಕ್ಟರ್ ಕೇಳಿದ, "ಅಜ್ಜ, ಅದು ಎಂತ?"

"ಕೋವಿ."

ನನ್ನ ಎದುರಿನ ಸೀಟು ಖಾಲಿಯಾಯಿತು. ಬಳಿಕ ಹಿಂದಿನದೂ ಖಾಲಿಯಾಯಿತು. ಕಂಡಕ್ಟರ್ ಎರಡೂ ಕೈಗಳಿಂದ ಅದನ್ನು ಹಸುಗೂಸಿನಂತೆ ಎತ್ತಿ, ಡ್ರೈವರನ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಮಲಗಿಸಿದ. ನಾನು ಅದರ ಪಕ್ಕದಲ್ಲೇ ಕುಳಿತೆ.

ಅಂಗಡಿಯಲ್ಲಿ ಕವರು ಬಿಚ್ಚಿ, "ನೋಡಿ ನಿಮ್ಮ ಕೋವಿಯ ಕಥೆ!" ಎಂದು ಎಳೆದೆ.

ಶಕ್ ಶಕ್!

ಇನ್ನೊಮ್ಮೆ ಎಳೆದೆ. ಶಕ್ ಶಕ್! ಹಲಸಿನ ಬೀಜ!

"ಚೆನ್ನಾಗುಂಟಲ್ಲ?" ಎಂದರು ಅಂಗಡಿಯವರು.

"ಬೆಳಗ್ಗೆ ಬರ್ಲಿಲ್ಲ."

"ಯಾವ ಎಣ್ಣೆ ಹಾಕಿದ್ರಿ?"

ಇಲ್ಲಿ ನಾನು ಪಾಪ ಮಾಡಿದೆ. ಅವರ ಮಾತು ಕೇಳದವನೆಂದು ತೋರಿಸಿಕೊಳ್ಳಲು ನಾಚಿಕೆಯಾಗಿ, "ನೀವು ಕೊಟ್ಟದ್ದೇ. ಎರಡೇ ಹನಿ," ಎಂದುಬಿಟ್ಟೆ. ಬಿಚ್ಚಿ ನೋಡುತ್ತೇನೆ ಎಂದು ಅವರು ಕೈ ಚಾಚಿದರು. ಸುಳ್ಳು ಹೊರಬಿದ್ದೀತೆಂದು, "ಬಸ್ಸಿಗೆ ಹೊತ್ತಾಯಿತು," ಎಂದು ಕೋವಿ ಎತ್ತಿಕೊಂಡು ಓಡಿದೆ.

ಮರುದಿನ ಬೆಳಗ್ಗೆ ಮತ್ತೆ ಮಂಗ, ಮತ್ತೆ ಕೂಗು, ಮತ್ತೆ ಪಾಕದ ಸೌಟು! ಮತ್ತೆ ಬಸ್ಸು, ಎಂಜಿನ್ ಮುಚ್ಚಳ, ಅಂಗಡಿ. ಮತ್ತೆ ಶಕ್ ಶಕ್! ನನ್ನ ತಲೆ ಕೆಟ್ಟುಹೋಯಿತು. ವೇಣೂರಿನಲ್ಲಿ ಮುಷ್ಕರ ಹೂಡುವ ಕೋವಿ ಮೂಡುಬಿದಿರೆಯಲ್ಲಿ ಮಾತ್ರ ಕೆಲಸ ಮಾಡುತ್ತದೆಯೆಂದರೆ ಏನರ್ಥ? ಕೋವಿಗೆ ತವರಿನ ನೆನಪೇ? ಮಂಗಗಳ ಭಯವೇ? ಯಾರಾದರೂ ದೃಷ್ಟಿ ಹಾಕಿದರೇ? ಸಂಜೀವನಿಗೆ ಫೋನು ಮಾಡಿದೆ. "ನಮ್ಮ ಮಿಲಿಟ್ರಿಯಲ್ಲಿ ಹೀಗೆ ಆಗ್ಲೇ ಇಲ್ಲ ಭಾವ. ಚಪಾತಿ ಬಿಸಿ ಬಿಸಿ ಹೋಗ್ತಿತ್ತು," ಎಂದ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಗೊಂದಲ ಇನ್ನಷ್ಟು ಹೆಚ್ಚಿತು. ಆ ಸಂಜೆ ಸುಮತಿಗೆ ಗೊತ್ತಾಗದ ಹಾಗೆ ಕೋವಿಗೆ ಮೆಣಸು, ಉಪ್ಪು ನಿವಾಳಿಸಿ ಒಲೆಗೆ ಹಾಕಿದೆ. ಮನೆಯಿಡೀ ಕೆಮ್ಮಿದಾಗ ಅವಳಿಗೆ ಗೊತ್ತಾಯಿತು.

ಮೂರನೆಯ ಬೆಳಗ್ಗೆಯೂ ಅದೇ ಕಥೆ. ಅಂದು ಗುಲಾಬಿಯಕ್ಕ ಕೂಗಲಿಲ್ಲ. ಗದ್ದೆಯ ಅಂಚಿನ ಹುಣಿಯ ಮೇಲೆ ಕುಳಿತು, ಕಚ್ಚಿ ಬಿಸಾಡಿದ ಸೌತೆಗಳನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಅರ್ಧ ಗದ್ದೆ ಬೋಳಾಗಿತ್ತು. "ದನಕ್ಕಾದ್ರೂ ಆಗ್ತದೆ," ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನನ್ನ ತಪ್ಪು ನನಗೇ ಚುಚ್ಚಿದಾಗ ನಾನು ಇನ್ನೊಬ್ಬರ ಮೇಲೆ ಹಾರುವವನು. ಅಂದು ಅಂಗಡಿಗೆ ಹೋಗಿ, ನಾಲ್ಕು ಗಿರಾಕಿಗಳ ಎದುರು, "ನೀವು ಮುದುಕನಿಗೆ ಮೋಸ ಮಾಡಿದ್ದೀರಿ!" ಎಂದು ಅರಚಿದೆ. ನಾನು ಅರಚುವಾಗ ಅಂಗಡಿಯವರು ಕೋವಿಯ ಹಿಡಿಯನ್ನು ಒಂದೇ ಬೆರಳಿನಿಂದ ಹಿಂದೆ ಮುಂದೆ ಓಡಿಸುತ್ತಿದ್ದರು. ಶಕ್ ಶಕ್. ಶಕ್ ಶಕ್. ಆಮೇಲೆ ಮೆಲ್ಲನೆ ಹೇಳಿದರು, "ಅಜ್ಜ, ನಾಳೆ ಬೆಳಗ್ಗೆ ಆರು ಗಂಟೆಗೆ ನಾನೇ ನಿಮ್ಮಲ್ಲಿಗೆ ಬರ್ತೇನೆ. ನೋಡುವ."

ಬಂದೇ ಬಂದರು, ಬೈಕಿನಲ್ಲಿ, ಮಂಕಿ ಕ್ಯಾಪ್ ಹಾಕಿಕೊಂಡು, ನಡುಗುತ್ತಾ. ನಾನು ಕಪಾಟಿನಿಂದ ಕೋವಿ ತೆಗೆಯುವಾಗ ಸುಮತಿ ಬಚ್ಚಲಿನಿಂದ ಕೂಗಿದಳು, "ಇಕೊಳ್ಳಿ, ಆ ತೆಂಗಿನೆಣ್ಣೆ ಬಾಟ್ಲಿ ಸ್ವಲ್ಪ ಒಲೆಯ ಹತ್ರ ಇಡಿ. ಈ ಚಳಿಗೆ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಒಂದು ಹನಿ ಬೀಳುವುದಿಲ್ಲ."

ನನ್ನ ಒಂದು ಕೈಯಲ್ಲಿ ಕೋವಿ. ಇನ್ನೊಂದು ಕೈಯಲ್ಲಿ ಬಾಟ್ಲಿ. ಒಳಗೆ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆ.

ಎಂಜಿನ್ ಮುಚ್ಚಳದ ಬಿಸಿ! ಮಧ್ಯಾಹ್ನದ ಬಿಸಿಲು! ನನ್ನ ಮಂಡೆಯ ಒಳಗೆ ಹೆಪ್ಪುಗಟ್ಟಿದ್ದದ್ದೂ ಆ ಕ್ಷಣ ಕರಗಿತು.

ಅಂಗಡಿಯವರು ಬಾಟ್ಲಿ ನೋಡಿದರು, ಕೋವಿ ನೋಡಿದರು, ನನ್ನನ್ನು ನೋಡಿದರು. ನಾನೇ ಹೇಳಿದೆ, "ಸುಳ್ಳು ಹೇಳಿದೆ ಮಾರಾಯ್ರೇ. ನಿಮ್ಮ ಎಣ್ಣೆ ಹಾಕಿಯೇ ಇಲ್ಲ."

"ಮತ್ತೆ ಅದು ಎಲ್ಲಿ ಹೋಯಿತು?"

"ನನ್ನ ಮೆಷಿನ್ನಿಗೆ," ಎಂದಳು ಬಚ್ಚಲಿನಿಂದ ಬಂದ ಸುಮತಿ. "ಎಷ್ಟು ಚಳಿಗೂ ಗಾಳಿಯ ಹಾಗೆ ಓಡ್ತದೆ. ಸ್ಮೂತ್, ಫಾಸ್ಟ್!"

ಅಂಗಡಿಯವರು ಜಗಲಿಯಲ್ಲಿ ಹಳೆ ಪೇಪರ್ ಹಾಸಿ ಕೋವಿಯನ್ನು ಬಿಚ್ಚಿದರು. ಒಳಗಿನಿಂದ ತೆಗೆದ ಬಿಳಿ ಹೆಪ್ಪಿನಲ್ಲಿ ಎರಡು ಒಗ್ಗರಣೆ ಮಾಡಬಹುದಿತ್ತು. ಒರೆಸಿ ಜೋಡಿಸಿ, ತಮ್ಮ ಜೇಬಿನ ಬಾಟ್ಲಿಯಿಂದ ಎರಡು ಹನಿ ಬಿಟ್ಟರು. ಶಕ್ ಶಕ್! "ನೀವು ಆರಿಸಿದ್ದು ಒಳ್ಳೆಯ ಕೋವಿಯೇ ಅಜ್ಜ," ಎಂದರು ಹೊರಡುವಾಗ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಕೋವಿ ಹಿಡಿದು ಗುಲಾಬಿಯಕ್ಕನ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಮೊದಲು ನಕ್ಕರು. ಆಮೇಲೆ, "ಕೋವಿ ಬೇಡ ದೇಜಪ್ಪಣ್ಣ. ಅದರ ಚಳಿಜ್ವರ ಬಿಡುವಾಗ ನನ್ನ ಉಳಿದ ಸೌತೆಯೂ ಮುಗಿದೀತು. ನನ್ನ ಡಬ್ಬ ಕೊಡಿ," ಎಂದರು.

ಡಬ್ಬದೊಳಗೆ ಕೋಳಿ ಹನ್ನೊಂದು ಮೊಟ್ಟೆಗಳ ಮೇಲೆ ಕುಳಿತಿತ್ತು. ಕೈ ಹಾಕಿದರೆ ಕುಕ್ಕಿತು. ಮರಿಯಾಗುವವರೆಗೆ ಮುಟ್ಟಕೂಡದೆಂದು ಸುಮತಿಯ ಕಟ್ಟಪ್ಪಣೆ.

ಹಾಗಾಗಿ ಈಗ ದಿನವೂ ಬೆಳಗ್ಗೆ, ಮಫ್ಲರ್ ಸುತ್ತಿಕೊಂಡು, ಗುಲಾಬಿಯಕ್ಕನ ಉಳಿದರ್ಧ ಗದ್ದೆಯ ಅಂಚಿನಲ್ಲಿ ನಾನೇ ನಿಲ್ಲುತ್ತೇನೆ. ಸುಮತಿ ಕೊಟ್ಟ ತೂತು ಅಲ್ಯೂಮಿನಿಯಂ ಪಾತ್ರೆ ಎಡಗೈಯಲ್ಲಿ, ಸೌಟು ಬಲಗೈಯಲ್ಲಿ. ಮಂಗಗಳು ಬರುತ್ತವೆ, ನಾನು ಬಡಿಯುತ್ತೇನೆ, ಅವು ಓಡುತ್ತವೆ. ಒಳ್ಳೆಯ ಕೋವಿ ಕಪಾಟಿನಲ್ಲಿ ಮಲಗಿದೆ.

ನಿನ್ನೆ ಚಳಿ ಹೆಚ್ಚಿತ್ತು. ನನ್ನ ಮಣಿಕಟ್ಟು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಒಂದು ದೊಡ್ಡ ಗಡವ ಸೌತೆಯ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಗುಲಾಬಿಯಕ್ಕ ಓಡಿಬಂದು ಸೌಟು ಕಿತ್ತುಕೊಂಡು ಬಡಿದು ಅದನ್ನು ಓಡಿಸಿ, ನನ್ನ ಕೈಯನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿ ನೋಡಿದರು. ಅಂಗಡಿಯಲ್ಲಿ ನಾನು ನೋಡಿದ ಹಾಗೆಯೇ.

"ಇದು ಹಿಡೀತದೆ ಮಾರಾಯ್ರೇ. ನಾಳೆ ಬರುವಾಗ ಸ್ವಲ್ಪ ಎಣ್ಣೆ ಹಚ್ಚಿ ಬನ್ನಿ."

ಯಾವ ಎಣ್ಣೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.