ಆವಲಪ್ಪನವರ ಸಕ್ಕರೆ, ಗಂಗರಾಜುವಿನ ರಜೆ

ಗಂಗರಾಜುವನ್ನು ಕೆಡಿಸಿದ್ದು ಮನೋರೋಗ ಶುಶ್ರೂಷೆಯ ಗೈಡಿನ ಒಂದೇ ಒಂದು ಪುಟ. 'ರೋಗಿ ಹೇಳಿದ್ದನ್ನೇ ರೋಗಿಗೆ ತಿರುಗಿಸಿ ಹೇಳಿ. ವಾದಿಸಬೇಡಿ. ಸುಳ್ಳು ಸಮಾಧಾನ ಹೇಳಬೇಡಿ' ಎಂದು ಅದರಲ್ಲಿತ್ತು. ಹೋದ ಸಲದ ಪರೀಕ್ಷೆಯಲ್ಲಿ ಈ ಪುಟದಿಂದ ಬಂದ ಮೂರು ಪ್ರಶ್ನೆಗೂ ಅವನು ಧಾರಾಳವಾಗಿ ಸಮಾಧಾನ ಹೇಳಿ ಬಂದಿದ್ದ. ಒಂದು ಅಂಕಕ್ಕೆ ಕಾಯಂ ನರ್ಸಿನ ಕೆಲಸ ಕೈತಪ್ಪಿತ್ತು.

ನಾಳೆ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಮತ್ತೆ ಅದೇ ಪರೀಕ್ಷೆ. ವಯಸ್ಸಿನ ಮಿತಿ ನೋಡಿದರೆ ಅವನಿಗೆ ಇದೇ ಕೊನೆಯದು. ಹನ್ನೊಂದು ವರ್ಷದಿಂದ ಅವನು ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ನರ್ಸು. ಪ್ರತಿ ವರ್ಷ ಒಂದು ದಿನ ಕೆಲಸದಿಂದ ತೆಗೆದು, ಮಾರನೆಯ ದಿನ ಹೊಸಬನಂತೆ ಸೇರಿಸಿಕೊಳ್ಳುತ್ತಿದ್ದರು. ಊರಿನ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿದ ಗಂಗರಾಜು ಸರ್ಕಾರದ ಕಡತದಲ್ಲಿ ಇನ್ನೂ ತೊಟ್ಟಿಲ ಕೂಸು. ತೊಟ್ಟಿಲ ಕೂಸಿಗೆ ರಜೆ ಎಲ್ಲಿಯದು? ಭಾನುವಾರದ ಡ್ಯೂಟಿಗೆ ರಜಾ ಅರ್ಜಿ ಕೊಟ್ಟು ಹತ್ತು ದಿನವಾಗಿತ್ತು. ಡಾಕ್ಟರ್ ಭಾನುಪ್ರಕಾಶ್ ಪ್ರತಿ ಸಲವೂ "ನೋಡಣ" ಎನ್ನುತ್ತಿದ್ದರು.

ಶನಿವಾರ ಅವನ ವಾರದ ರಜೆ. ತೊಂಡೇಬಾವಿ ಸ್ಟೇಷನ್ನಿನಿಂದ ಒಂದೂವರೆ ಮೈಲಿ ದೂರದ ಊರಿನ ಕೆಳಬೀದಿಯಲ್ಲಿ, ತನ್ನ ಮನೆಯ ಜಗಲಿಯ ಮೇಲೆ ಗೈಡು ಹರಡಿಕೊಂಡು ಕೂತ. ಬರೀ ಬಾಯಿಪಾಠ ಮಾಡಿದರೆ ಮರೆತುಹೋಗುತ್ತದೆ, ಯಾರ ಮೇಲಾದರೂ ಪ್ರಯೋಗಿಸಿ ನೋಡಬೇಕು ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಆಂಜಿನಮ್ಮ ಬಿ.ಪಿ. ತೋರಿಸಲು ಬಂದಳು.

"ಏನಪ್ಪ ಗಂಗರಾಜ, ಬಿ.ಪಿ. ಏರದೆ ಇನ್ನೇನಾಗ್ತದೆ? ನನ್ನ ಸೊಸೆ ಕಾಫಿಗೆ ಏನೋ ಬೆರೆಸ್ತಾ ಅವಳೆ."

ಗಂಗರಾಜು ಗೈಡಿನ ಕಡೆ ಒಂದು ಕಣ್ಣು ಹಾಯಿಸಿ, ಗಂಭೀರವಾಗಿ ತಿರುಗಿಸಿ ಹೇಳಿದ. "ಅಂದ್ರೆ, ಸೊಸೆ ಕಾಫಿಗೆ ಏನೋ ಬೆರೆಸ್ತಾಳೆ ಅಂತ ನಿಮಗೆ ಅನ್ನಿಸ್ತಾ ಇದೆ."

"ಅಯ್ಯೋ ದೇವುಡಾ! ನಿಂಗೂ ಗೊತ್ತಾಯ್ತಾ?" ಆಂಜಿನಮ್ಮ ತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿಯ ಸಮೇತ ಬೀದಿಗೆ ಓಡಿದಳು. "ಕೇಳ್ರಮ್ಮಾ! ಆಸ್ಪತ್ರೆ ಬ್ರದರ್ರೇ ಹೇಳವ್ರೆ!"

ಎರಡೇ ನಿಮಿಷದಲ್ಲಿ ಸೊಸೆ ಶ್ರೀವಿದ್ಯಾ ಸೌಟು ಹಿಡಿದು ಬಂದಳು. "ಅಣ್ಣಾ, ಓದಿರೋರು ನೀವು. ನಮ್ಮತ್ತೆ ನನ್ನ ಮೇಲೆ ಸುಳ್ಳು ಹೊರಿಸ್ತಿದ್ರೆ ನೀವೂ ತಾಳ ಹಾಕೋದಾ?"

"ಅತ್ತೆ ಸುಳ್ಳು ಹೊರಿಸ್ತಾರೆ ಅಂತ ನಿಮಗೆ ಬೇಜಾರಾಗಿದೆ."

"ಕೇಳಿಸ್ತಾ ಅತ್ತೇ? ಬ್ರದರ್ರೇ ಸುಳ್ಳು ಅಂದ್ರು!"

ಬೀದಿ ಎರಡು ಪಾಳೆಯವಾಯಿತು. ಎರಡು ಕಡೆಯವರಿಗೂ ಗಂಗರಾಜುವೇ ಸಾಕ್ಷಿ. ಅವನ ತಾಯಿ ಗಂಗುಲಮ್ಮ ಒಳಗಿನಿಂದ, "ಲೇ, ಆ ಪುಸ್ತಕ ಮುಚ್ಚಿಡೋ, ಮನೆ ಉಳೀತದೆ" ಎಂದು ಕೂಗಿದಳು.

ಮೇಲುಬೀದಿಗೂ ಸುದ್ದಿ ಮುಟ್ಟಿತು. ಪಂಚಾಯ್ತಿಯ ಹಳೆ ಅಧ್ಯಕ್ಷ ಆವಲಪ್ಪಗೌಡರು ತಮ್ಮ ಸ್ಕೂಟರಿನಲ್ಲಿ ಬಂದು, ಕಾಲು ಮಾತ್ರ ನೆಲಕ್ಕೆ ಊರಿ ನಿಂತರು. ಓಟು ಕೇಳಲು ಬಂದಾಗಲೂ ಅವರು ಈ ಬೀದಿಯಲ್ಲಿ ಸ್ಕೂಟರು ಇಳಿದವರಲ್ಲ.

"ಏನಲೇ ಗಂಗರಾಜು, ನಿನ್ನಿಂದ ಊರು ಕೆಡ್ತಾ ಐತಂತೆ?"

ಅಭ್ಯಾಸ ಬಲ. "ನನ್ನಿಂದ ಊರು ಕೆಡ್ತಾ ಇದೆ ಅಂತ ನಿಮಗೆ ಅನ್ನಿಸ್ತಿದೆ."

"ನೋಡ್ರಪ್ಪಾ, ಅವನೇ ಒಪ್ಕೊಂಡ!"

ತೀರ್ಪು ಹೇಳಲು ಗೌಡರು ಬಾಯಿ ತೆರೆದರು. ಮಾತು ತೊದಲಿತು. ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಕೈ ಗಡಗಡ ನಡುಗಿತು. ತಮ್ಮದೇ ಸ್ಕೂಟರಿನ ಕನ್ನಡಿಗೆ "ನೀನ್ಯಾರಲೇ?" ಎಂದರು.

"ಗಾಳಿ ಮೆಟ್ಕೊಂಡೈತೆ! ಬೇವಿನ ಸೊಪ್ಪು ತರ್ರೇ!" ಆಂಜಿನಮ್ಮ ಕಿರುಚಿದಳು.

ಗಂಗರಾಜು ಗೈಡು ಎಸೆದು ಜಗಲಿಯಿಂದ ಜಿಗಿದ. ಇದಕ್ಕೆ ಅವನಿಗೆ ಯಾವ ಪುಟವೂ ಬೇಕಿರಲಿಲ್ಲ, ವಾರ್ಡಿನಲ್ಲಿ ನೂರು ಸಲ ಕಂಡದ್ದು. "ಗೌಡ್ರೇ, ಊಟ ಮಾಡಿದ್ರಾ?"

"ಇನ್ಸು... ಇನ್ಸುಲಿನ್ನು ಚುಚ್ಕೊಂಡೆ... ಜಗಳ ಅಂದ್ರು... ಮುದ್ದೆ ತಟ್ಟೇಲೇ..."

ಊಟಕ್ಕಿಂತ ಜಗಳ ರುಚಿ ಎಂದು ಎದ್ದು ಬಂದಿದ್ದರು. ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿತ್ತು. ಗಂಗರಾಜು ಅವರನ್ನು ಮಗುವಿನಂತೆ ಅವುಚಿಕೊಂಡು ಮನೆಯೊಳಗೆ ತಂದು, ಗೋಡೆಯ ಬುದ್ಧನ ಪಟದ ಕೆಳಗೆ ಕೂರಿಸಿದ. ನುಂಗಲು ಆಗುತ್ತದೆಯೇ ಎಂದು ನೋಡಿ, ಗಂಗುಲಮ್ಮ ಕಲಸಿ ತಂದ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದ. ಹತ್ತು ನಿಮಿಷದಲ್ಲಿ ಗೌಡರ ಕಣ್ಣು ನೆಟ್ಟಗಾದವು. ನೆಟ್ಟಗಾದ ಕಣ್ಣು ಮೊದಲು ನೋಡಿದ್ದು ಲೋಟವನ್ನು.

"ಯಾರ ಮನೆ ನೀರಿದು?"

ಬಾಗಿಲಲ್ಲಿ ಇಣುಕುತ್ತಿದ್ದವರೆಲ್ಲ ಗಂಗುಲಮ್ಮನ ಕಡೆ ತಿರುಗಿದರು. ಗಂಗುಲಮ್ಮ ಸೊಂಟಕ್ಕೆ ಕೈಯಿಟ್ಟಳು. "ಸಕ್ಕರೆ ಶೆಟ್ರ ಅಂಗಡೀದು, ನೀರು ಪಂಚಾಯ್ತಿ ನಲ್ಲೀದು. ನಮ್ದು ಅಂತ ಇರೋದು ಲೋಟ ಒಂದೇ. ಅದನ್ನ ನೀವು ಕುಡೀಲಿಲ್ಲ ಬಿಡಿ ಗೌಡ್ರೇ."

ಗೌಡರು ಲೋಟ ಮುಂದೆ ಚಾಚಿದರು. "ಇನ್ನರ್ಧ ಹಾಕಮ್ಮ."

ಹಿಂದೆಯೇ ಗಂಗುಲಮ್ಮ ಬಡಿಸಿದ ಮುದ್ದೆಯನ್ನೂ ಬಾಯಿಮುಚ್ಚಿ ನುಂಗಿ, ಕೈ ತೊಳೆದುಕೊಂಡು ಕೇಳಿದರು. "ಪ್ರಾಣ ಉಳಿಸ್ದೆ ಕಣಪ್ಪ. ನಿಂಗೇನಾಗ್ಬೇಕು ಹೇಳು."

"ಏನೂ ಬೇಡ ಗೌಡ್ರೇ. ನಾಳೆ ಚಿಕ್ಕಬಳ್ಳಾಪುರಕ್ಕೆ ಹೋಗ್ಬೇಕು. ಡಾಕ್ಟ್ರು ಬಿಡ್ತಾ ಇಲ್ಲ."

"ಅಷ್ಟೇನಾ?" ಗೌಡರು ಅಲ್ಲೇ ಫೋನು ಹಚ್ಚಿದರು, ಬೀದಿಗೆಲ್ಲ ಕೇಳಲೆಂದು ಸ್ಪೀಕರು ಹಾಕಿದರು. "ಡಾಕ್ಟ್ರೇ, ನಿಮ್ಮ ಗಂಗರಾಜುವಂಥ ನರ್ಸು ಜಿಲ್ಲೇಲೇ ಇಲ್ಲ. ಬೀಳೋನ್ನ ಹಿಡಿದು ಬದುಕಿಸ್ತಾನೆ. ನಾಳೆ ಅವನ್ನ ಚಿಕ್ಕಬಳ್ಳಾಪುರಕ್ಕೆ ಕಳಿಸ್ಲೇಬೇಕು, ನಾನು ಹೇಳ್ತಿದೀನಿ."

"ಹೌದಾ ಗೌಡ್ರೇ? ಒಳ್ಳೇ ಟೈಮಿಗೆ ಹೇಳಿದ್ರಿ. ಖಂಡಿತ ಕಳಿಸ್ತೀನಿ. ಈಗ್ಲೇ ಆರ್ಡರ್ ಮಾಡಿಬಿಡ್ತೀನಿ."

ಬೀದಿ ಚಪ್ಪಾಳೆ ಹೊಡೆಯಿತು. ಶ್ರೀವಿದ್ಯಾ ಎಲ್ಲರಿಗೂ ಕಾಫಿ ತಂದಳು. ಮೊದಲ ಲೋಟ ಎತ್ತಿಕೊಂಡದ್ದು ಆಂಜಿನಮ್ಮನೇ.

ಸಂಜೆ ನಾಲ್ಕಕ್ಕೆ ಗಂಗರಾಜುವಿನ ಮೊಬೈಲಿಗೆ ಆರ್ಡರ್ ಬಂತು. ಓದಿದ. ಮತ್ತೊಮ್ಮೆ ಓದಿದ. ಒಳಗೆ ಹೋಗಿ ತನ್ನ ಹಾಲ್ ಟಿಕೆಟ್ಟು ತಂದು ಪಕ್ಕದಲ್ಲಿಟ್ಟು ನೋಡಿದ. ಅದೇ ಕಾಲೇಜು, ಅದೇ ದಿನ. ಬೀದಿಯ ತುದಿಗೆ ಹೋಗಿ ಡಾಕ್ಟರಿಗೆ ಫೋನು ಮಾಡಿದ.

"ಸರ್, ಇದರಲ್ಲಿ ನನ್ನನ್ನ ಪರೀಕ್ಷಾ ಕೇಂದ್ರದ ಪ್ರಥಮ ಚಿಕಿತ್ಸೆ ಡ್ಯೂಟಿಗೆ ಹಾಕಿದೀರ. ಆ ಪರೀಕ್ಷೆ ಬರೀಬೇಕಾದೋನು ನಾನು ಸರ್."

"ಹಂಗಾ? ಅರ್ಜೀಲಿ ಬರೀಬೇಕಿತ್ತಪ್ಪ."

"ಬರ್ದಿದೀನಿ ಸರ್. ಹತ್ತು ದಿನ ಆಯ್ತು."

"ನೋಡು ಗಂಗರಾಜು, ಒಬ್ಬರನ್ನ ಕಳಿಸಿ ಅಂತ ಜಿಲ್ಲೆಯಿಂದ ಬೆಳಗ್ಗಿಂದ ಪ್ರಾಣ ತಿಂದ್ರು. ಕಾಯಂನೋರು ಒಬ್ರೂ ಒಪ್ಲಿಲ್ಲ. ಗೌಡ್ರು ಅಷ್ಟು ಹೇಳಿದ್ಮೇಲೆ ನಿನ್ನ ಹೆಸರೇ ಹೋಗಿದೆ. ಬರೆಯೋನು ಒಬ್ಬ ಬರ್ಲಿಲ್ಲ ಅಂದ್ರೆ ಆಬ್ಸೆಂಟ್ ಅಂತ ಬರ್ಕೋತಾರೆ, ಮುಗೀತು. ನರ್ಸು ಬರ್ಲಿಲ್ಲ ಅಂದ್ರೆ ನನಗೆ ನೋಟಿಸು, ನಿನ್ನ ಗುತ್ತಿಗೆಗೆ ಎಳ್ಳುನೀರು. ಎಂಟೂವರೆಗೆ ಅಲ್ಲಿರು."

ಫೋನು ಕಡಿಯಿತು. ವಾಪಸು ಬಂದರೆ, ಜಗಲಿಗೆ ಬಂದು ಕೂತಿದ್ದ ಗೌಡರು ಮೀಸೆ ತಿರುವಿದರು. "ಆಯ್ತಲ್ಲಪ್ಪ ಕೆಲ್ಸ?"

"ಆಯ್ತು ಗೌಡ್ರೇ."

ಗಂಗುಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಹಂಗಾದ್ರೆ ನಾಳೆ ಪರೀಕ್ಷೆಗೆ ನಿನ್ನ ಕೂರಿಸ್ತಾರಾ ಮಗಾ?"

"ಕೂರಿಸ್ತಾರಮ್ಮ. ಮೇಜು, ಕುರ್ಚಿ ಎಲ್ಲಾ ಹಾಕಿರ್ತಾರಂತೆ" ಎಂದ ಗಂಗರಾಜು. "ಬಾಗಿಲಿಂದ ಆಚೆಗೆ."