ಬಿಸಿ ಲ್ಯಾಪ್‌ಟಾಪಿಗೆ ಮೊರದ ಗಾಳಿ

ನಾನೂ ನನ್ನ ಷಡ್ಡಕನೂ ಒಂದೇ ದಿನ, ಬೇರೆ ಬೇರೆ ಊರಲ್ಲಿ, ಜೀವಮಾನದಲ್ಲೇ ಮೊದಲ ಸಲ ಕೋಳಿಸಾರು ಮಾಡಿದೆವು. ಕಾರಣ, ಗೇಮಿಂಗ್ ಲ್ಯಾಪ್‌ಟಾಪಿನ ಬಿಸಿ. ಹೇಗೆ, ಊಹಿಸಿ ನೋಡೋಣ. ಆಗಲ್ಲ ಅಲ್ವಾ? ಆ ಯಂತ್ರ ಮನೆಗೆ ಬಂದಾಗಿನಿಂದ ನಮ್ಮಲ್ಲಿ ಇಂಥದ್ದು ನಡೀತಾನೇ ಇರುತ್ತೆ.

೧. ತಟ್ಟೆ

ಬಾಳೂರಿನ ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು ನಿವೃತ್ತನಾದ ಮೇಲೆ ನನಗೆ ಹಿಡಿದದ್ದು ಲಾರಿ ಓಡಿಸುವ ಆಟದ ಹುಚ್ಚು. ಕಳಸದಲ್ಲಿರುವ ಷಡ್ಡಕನಿಗೂ ಅದೇ ಹುಚ್ಚು. ಇಂಟರ್ನೆಟ್ಟಲ್ಲಿ ನಮ್ಮಿಬ್ಬರಿಗೆ ರೇಸು. ನನ್ನ ಲಾರಿ ಮುಂದಿದ್ದಾಗಲೇ ಲ್ಯಾಪ್‌ಟಾಪ್ ಕಾದು ಆಫ್ ಆಗುತ್ತಿತ್ತು. ಅಡಿಯಿಂದ ಗಾಳಿ ಆಡಬೇಕು ತಾನೇ? ಕಾಫಿ ಒಣಗಿಸುವ ಜಾಲರಿ ತಟ್ಟೆ ತಂದು ಲ್ಯಾಪ್‌ಟಾಪನ್ನು ಅದರ ಮೇಲಿಟ್ಟೆ. ಮುಖ ತೊಳೆದು ಬರುವಷ್ಟರಲ್ಲಿ ನನ್ನಾಕೆ ಪಕ್ಕದಲ್ಲೇ ಹಸಿ ಕಾಳುಮೆಣಸು ಹರಡಿದ್ದಳು.

"ಇದೇನೇ?"

"ಮೂರು ದಿನದಿಂದ ಮೋಡ. ಬಿಸಿಗಾಳಿ ಸುಮ್ನೆ ಹೋಗ್ತಾ ಇತ್ತಲ್ಲ. ನೀವು ಆಡಿ, ಇನ್ನೂ ಒಣಗ್ಬೇಕು."

ಆಡಿ ಅಂತ ಅವಳು ಹೇಳಿದ್ದು ಅದೇ ಮೊದಲು.

೨. ಗ್ಯಾರೇಜು

ಎರಡೇ ದಿನಕ್ಕೆ ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಕಟಕಟ ಅಂತು. ಮೂಡಿಗೆರೆಯಲ್ಲಿ ನಮ್ಮ ಜೀಪು ನೋಡುವ ಮೆಕ್ಯಾನಿಕ್ ಸಾಹೇಬರ ಹತ್ತಿರ ಒಯ್ದೆ. "ರೈಟ್ರೇ, ಇದ್ರ ರೇಡಿಯೇಟರ್ ಎಲ್ಲಿ?" ಅನ್ನುತ್ತಾ ಅಡಿ ಮುಚ್ಚಳ ಬಿಚ್ಚಿ, ಟೈರಿಗೆ ಗಾಳಿ ಹಿಡಿಯುವ ಪೈಪಿಂದ ಊದಿದರು. ಟಪ್ ಅಂತ ಒಂದು ಮೆಣಸುಕಾಳು ಹಾರಿ ಅವರ ಚಹಾದ ಗ್ಲಾಸಿಗೇ ಬಿತ್ತು. ಒಂದು ಗುಟುಕು ಕುಡಿದು ನೋಡಿ ಅಂದರು:

"ಗಾಡಿ ಸರಿಯಾಯ್ತು ಮಾರಾಯ್ರೆ. ಮುಂದಿನ ಸಲ ಶುಂಠಿ ಒಣಗಿಸಿ ತನ್ನಿ."

೩. ಮೊರ

ಹಬ್ಬಕ್ಕೆ ಷಡ್ಡಕ ಪಂಥ ಕಟ್ಟಿದ. "ಭಾವ, ಸೋತವ್ರು ಅವರವರ ಮನೇಲಿ ಕೋಳಿಸಾರು ಮಾಡ್ಬೇಕು." ಸೌಟು ಹಿಡಿದು ಗೊತ್ತಿಲ್ಲದ ನಾನು ಒಪ್ಪಿಬಿಟ್ಟೆ. ಆ ಬೆಳಿಗ್ಗೆ ಎಂಥಾ ಸೆಖೆ ಅಂದರೆ ತಟ್ಟೆ ಸಾಲಲಿಲ್ಲ. ನನ್ನಾಕೆಯ ಕಾಲು ಹಿಡಿಯುವುದೊಂದು ಬಾಕಿ; ಮೊರ ತಂದು ಲ್ಯಾಪ್‌ಟಾಪಿಗೆ ಬೀಸತೊಡಗಿದಳು. ನನ್ನ ಲಾರಿ ಮುಂದೆ.

"ಗೆದ್ರೆ ಸಾರು ಯಾರು ಮಾಡೋದು?" ಅಂದಳು.

"ಯಾವಾಗ್ಲೂ ಮಾಡೋದು ನೀನೇ ಅಲ್ವೇನೇ?"

ಮೊರ ನಿಧಾನವಾಯಿತು. ಫೋನೆತ್ತಿ ಕಳಸದ ತಂಗಿಗೆ ಹಚ್ಚಿ ಸ್ಪೀಕರಿಗೆ ಹಾಕಿದಳು.

"ನೀನೂ ಬೀಸ್ತಾ ಇದೀಯೇನೇ?"

"ಹೂಂ ಅಕ್ಕ, ಕೈ ಬಿದ್ದುಹೋಯ್ತು."

"ಇವ್ರು ಗೆದ್ರೆ ಸಾರು ನಾನೇ ಮಾಡ್ಬೇಕಂತೆ."

"ಇಲ್ಲೂ ಅದೇ ಕಥೆ."

"ಹಾಗಾದ್ರೆ ಇಡು ಮೊರ."

ಎರಡೂ ಊರಲ್ಲಿ ಮೊರ ಕೆಳಗಿಳಿಯಿತು. ಕೊನೇ ತಿರುವಲ್ಲಿ ನನ್ನ ಸ್ಕ್ರೀನು ಕಪ್ಪಾಯಿತು. ಫೋನಲ್ಲಿ ಷಡ್ಡಕ "ಅಯ್ಯಯ್ಯೋ" ಅಂದದ್ದು ಕೇಳಿಸಿತು. ನನ್ನಾಕೆ ಜಗಲಿಯಲ್ಲಿ ಕಾಲು ಚಾಚಿ ಕೂತಳು.

"ಇಬ್ರೂ ಸೋತ್ರಿ. ಕೋಳಿ ಹಿತ್ತಲಲ್ಲಿ ಓಡಾಡ್ತಾ ಇದೆ, ಮೊದ್ಲು ಹಿಡೀರಿ."

ಆ ದಿನವನ್ನು ನಾನೂ ಮರೆಯಲ್ಲ, ಆ ಸಾರು ಉಂಡವರೂ ಮರೆಯಲ್ಲ: ಯುಗಾದಿಯ ಮರುದಿನ, ಬುಧವಾರ, ಬಾಡೂಟದ ಹೊಸತೊಡಕು.